ಜಿಪ್ ಹಾಕಿಸಲು ಪೇಟೆಗೆ ಕಳಿಸಬೇಡಿ
ಮನೆಹೊಲಿಗೆಯ ಅಕ್ಕತಂಗಿಯರಿಗೆ ಒಂದು ಬಹಿರಂಗ ಪತ್ರ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ಸೀಮೆಯಲ್ಲಿ ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡಿರುವ ನನ್ನ ಅಕ್ಕತಂಗಿಯರೇ,

ಸರಗೂರು, ಸಾಲಿಗ್ರಾಮಗಳು ಈಗ ಬೇರೆ ತಾಲ್ಲೂಕುಗಳಾಗಿವೆ. ಅಲ್ಲಿನವರನ್ನೂ ಸೇರಿಸಿಕೊಂಡೇ ಬರೆಯುತ್ತಿದ್ದೇನೆ, ಬೇರೆಯೆಂದು ಎಣಿಸಬೇಡಿ.

ನಿಮ್ಮ ಕೈ ಎಂಥದ್ದೆಂದು ನನಗೆ ಗೊತ್ತು. ಕಟೋರಿ ಬ್ಲೌಸನ್ನು ಒಂದು ಸುಕ್ಕಿಲ್ಲದೆ ಕೂರಿಸುತ್ತೀರಿ. ಪ್ರಿನ್ಸೆಸ್ ಕಟ್ ಹೊಲಿಯುತ್ತೀರಿ, ಬೆನ್ನಿಗೆ ಡೋರಿ ಕಟ್ಟುತ್ತೀರಿ, ಸೀರೆಗೆ ಫಾಲ್ ಹಾಕಿ ಸೆರಗಿಗೆ ಕುಚ್ಚು ಕಟ್ಟುತ್ತೀರಿ. ಇಷ್ಟೆಲ್ಲ ಬಲ್ಲ ನೀವು, ಪಕ್ಕದ ಮನೆಯಾಕೆ ಮಗಳ ಫ್ರಾಕು ತಂದು "ಇದಕ್ಕೊಂದು ಜಿಪ್ ಹಾಕ್ಕೊಡಕ್ಕ" ಎಂದರೆ, "ಅದು ನಮ್ ಕೈಲಾಗಲ್ಲ, ಪೇಟೇಲಿ ಹಾಕಿಸ್ಕೊ" ಎನ್ನುತ್ತೀರಿ. ಈ ಮಾತನ್ನು ನಾನು ಹನಗೋಡಿನಲ್ಲೂ ಕೇಳಿದ್ದೇನೆ, ಬೆಟ್ಟದಪುರದಲ್ಲೂ ಕೇಳಿದ್ದೇನೆ. ಹೇಳುವವರು ಅದನ್ನು ನಿಜವೆಂದೇ ನಂಬಿರುತ್ತಾರೆ. ಆ ನಂಬಿಕೆ ಸರಿಯಲ್ಲ. ಜಿಪ್ ಹಾಕುವುದಕ್ಕೆ ನಿಮ್ಮಲ್ಲಿ ಕೈಚಳಕದ ಕೊರತೆ ಇಲ್ಲ. ಹೊಲಿಯುವ ಮುಂಚೆ ಮಾಡಬೇಕಾದ ಎರಡು ಮೂರು ಕೆಲಸಗಳನ್ನು ನಿಮಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ಅದನ್ನು ಹೇಳಲೆಂದೇ ಈ ಪತ್ರ.

ಜಿಪ್‌ಗೆ ಇಷ್ಟೊಂದು ಮಾತೇಕೆ ಎನ್ನಿಸಬಹುದು. ಬೆಳಗಿನ ಹೊತ್ತು ಅಂತರಸಂತೆ ಕಡೆಯಿಂದ ಕೋಟೆಗೆ ಬರುವ ಬಸ್ಸನ್ನು ಒಮ್ಮೆ ಹತ್ತಿ ನೋಡಿ. ಶಾಲೆಗೆ ಹೋಗುವ ಹೆಣ್ಣುಮಕ್ಕಳ ಸ್ಕರ್ಟಿನ ಪಕ್ಕದಲ್ಲಿ ಪಿನ್ನು ಕಾಣುತ್ತದೆ. ಒಂದಲ್ಲ, ಒಂದರ ಕೆಳಗೊಂದು. ಜಿಪ್ ಕಿತ್ತುಹೋಗಿರುತ್ತದೆ, ಮನೆಯಲ್ಲಿ ಹಾಕುವವರಿಲ್ಲ, ಪೇಟೆಯ ಟೈಲರಿಗೆ ಕೊಟ್ಟರೆ ಒಂದು ವಾರ, ಕೊಟ್ಟರೆ ಮಾರನೆಯ ದಿನ ಉಟ್ಟುಕೊಳ್ಳಲು ಇನ್ನೊಂದಿಲ್ಲ. ಆ ಮಗು ಮೇಲಂಗಿಯನ್ನು ಕೆಳಗೆ ಎಳೆದುಕೊಳ್ಳುತ್ತ, ಬ್ಯಾಗನ್ನು ಆ ಪಕ್ಕಕ್ಕೇ ಒತ್ತಿಕೊಂಡು ನಿಂತಿರುತ್ತದೆ. ಆಟದ ಪೀರಿಯಡ್ಡಿನಲ್ಲಿ ಓಡುವುದಿಲ್ಲ. ಹಾಡಿಗಳಿಂದ ಬಂದು ಆಶ್ರಮಶಾಲೆಗಳಲ್ಲಿ, ಹಾಸ್ಟೆಲುಗಳಲ್ಲಿ ಇರುವ ಮಕ್ಕಳ ಪಾಡು ಇನ್ನೂ ಕಷ್ಟ, ಅವರಿಗೆ ಸಂಜೆ ಹೋಗಿ ಹೇಳಿಕೊಳ್ಳಲು ಅವ್ವನೂ ಹತ್ತಿರವಿಲ್ಲ. ಕೆಲವೇ ರೂಪಾಯಿಯ ಒಂದು ಜಿಪ್ಪಿನಿಂದ ಹೆಣ್ಣುಮಗುವೊಂದು ಇಡೀ ದಿನ ಮುದುಡಿ ಕೂರಬೇಕಾಗಿ ಬರುವುದು ನನಗೆ ಸಹಿಸಲಾಗದ ಸಂಗತಿ.

ಸರ್ಕಾರ ವಿದ್ಯಾವಿಕಾಸ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಸಮವಸ್ತ್ರದ ಬಟ್ಟೆ ಕೊಡುತ್ತದೆ. ಆ ಬಟ್ಟೆಯನ್ನು ಉಡುಪು ಮಾಡುವುದು ನಮ್ಮಂಥವರ ಮನೆಗಳಲ್ಲಿ ಆಗಬಹುದಾದ ಕೆಲಸ. ಆದರೆ ಜೂನ್ ಬಂತೆಂದರೆ ಪೇಟೆಯ ಅಂಗಡಿಗಳಲ್ಲಿ ಯೂನಿಫಾರ್ಮಿನ ರಾಶಿ ಬೀಳುತ್ತದೆ. ನಿಮ್ಮ ಊರಿನ ದುಡ್ಡು, ಊರಿನ ಮಕ್ಕಳ ಬಟ್ಟೆ, ಎರಡೂ ಬಸ್ಸು ಹತ್ತಿ ಹೋಗುತ್ತವೆ. ಕಾರಣ ಕೇಳಿದರೆ ಬಹಳ ಸಲ ಜಿಪ್ ಒಂದೇ.

ಇದು ತಲೆತಲಾಂತರದ ಗುಟ್ಟಿನ ವಿದ್ಯೆಯೇನೂ ಅಲ್ಲ. 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್ ಎಂಬಾತ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದ. ಅದೇ ಮನುಷ್ಯ 1851ರಲ್ಲಿ, ಬಟ್ಟೆಯ ಎರಡು ಅಂಚುಗಳನ್ನು ಎಳೆದು ಮುಚ್ಚುವ ಒಂದು ಸಾಧನಕ್ಕೂ ಪೇಟೆಂಟ್ ತೆಗೆದುಕೊಂಡು, ಯಂತ್ರದ ವ್ಯವಹಾರದಲ್ಲಿ ಮುಳುಗಿ ಅದನ್ನು ಅಲ್ಲಿಗೇ ಬಿಟ್ಟ. ಆಮೇಲೆ ವಿಟ್ಕಂಬ್ ಜಡ್ಸನ್ 1893ರಲ್ಲಿ ಕೊಕ್ಕೆಗಳ ಒಂದು ಮಾದರಿ ತಂದ, ಅದು ಆಗಾಗ ಬಿಚ್ಚಿಕೊಳ್ಳುತ್ತಿತ್ತು. ನಾವು ಇಂದು ಬಳಸುವಂಥ ಹಲ್ಲುಹಲ್ಲಿನ ಜಿಪ್ಪನ್ನು ಸ್ವೀಡನ್ನಿನಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದ್ದ ಗಿಡಿಯಾನ್ ಸುಂಡ್‌ಬ್ಯಾಕ್ 1913ರ ಹೊತ್ತಿಗೆ ರೂಪಿಸಿದ. ಹೆಂಗಸರ ಉಡುಪಿಗೆ ಅದು ರೂಢಿಯಾಗಿ ಬಂದದ್ದು 1930ರ ದಶಕದಲ್ಲಿ. ಇನ್ನೂ ನೂರು ವರ್ಷವೂ ತುಂಬದ ಕೆಲಸ. ಪೇಟೆಯ ಟೈಲರೂ ಅದನ್ನು ಯಾರನ್ನೋ ನೋಡಿಯೇ ಕಲಿತದ್ದು.

ಈಗ ಕೆಲಸಕ್ಕೆ ಬರೋಣ. ನೀವು ಎಂದಾದರೂ ಜಿಪ್ ಹಾಕಿ ಬಿಟ್ಟುಬಿಟ್ಟವರಾಗಿದ್ದರೆ, ಅದು ಅಲೆಅಲೆಯಾಗಿ ಉಬ್ಬಿತ್ತು ಎಂದೇ ಬಿಟ್ಟಿರುತ್ತೀರಿ. ಯಾಕೆ ಉಬ್ಬುತ್ತದೆ? ಜಿಪ್ಪಿನ ಪಟ್ಟಿ ಸಾಮಾನ್ಯವಾಗಿ ಪಾಲಿಯೆಸ್ಟರಿನದು, ಅದು ಹಿಗ್ಗುವುದೂ ಇಲ್ಲ ಕುಗ್ಗುವುದೂ ಇಲ್ಲ. ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಹೊಲಿದ ದಿನ ಚೆನ್ನಾಗಿದ್ದದ್ದು ಒಗೆದ ಮೇಲೆ ಹಾವಿನ ಹಾಗೆ ಸುರುಳಿಯಾಗುವುದು ಇದರಿಂದ. ಹತ್ತಿ ಬಟ್ಟೆಯನ್ನು ಕತ್ತರಿಸುವ ಮುಂಚೆ ಒಂದು ರಾತ್ರಿ ನೀರಲ್ಲಿ ನೆನೆಹಾಕಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿಕೊಳ್ಳಿ. ಇನ್ನೊಂದು ಕಾರಣ ಮಿಷನ್ನಿನಲ್ಲಿದೆ. ಕೆಳಗಿನ ಹಲ್ಲುಗಳು ಅಡಿಯ ಬಟ್ಟೆಯನ್ನು ಮುಂದಕ್ಕೆ ಎಳೆಯುತ್ತವೆ, ಮೇಲಿನ ಪದರ ಫುಟ್ಟಿನ ಒತ್ತಡಕ್ಕೆ ಸ್ವಲ್ಪ ಹಿಂದುಳಿಯುತ್ತದೆ. ಒಂದು ಪಕ್ಕವನ್ನು ಮೇಲಿನಿಂದ ಕೆಳಕ್ಕೆ, ಇನ್ನೊಂದನ್ನು ಕೆಳಗಿನಿಂದ ಮೇಲಕ್ಕೆ ಹೊಲಿದರೆ ಎರಡೂ ಎದುರು ದಿಕ್ಕಿಗೆ ಎಳೆದು ಜಿಪ್ ತಿರುಚಿಕೊಳ್ಳುತ್ತದೆ. ಆದ್ದರಿಂದ ಎರಡು ಪಕ್ಕವನ್ನೂ ಕೆಳಗಿನಿಂದ ಮೇಲಕ್ಕೇ ಹೊಲಿಯಿರಿ. ಕ್ರಾಸ್ ಕಟಿಂಗಿನ ಬಟ್ಟೆ, ತೆಳು ಬಟ್ಟೆ ಇದ್ದರೆ ಅದು ಕೈಯಲ್ಲೇ ಹಿಗ್ಗುತ್ತದೆ. ಜಿಪ್ ಬರುವ ಜಾಗದ ಒಳಮಗ್ಗುಲಿಗೆ ಒಂದಿಂಚು ಅಗಲದ ಪೇಸ್ಟಿಂಗ್ ಕ್ಯಾನ್ವಾಸ್ ಪಟ್ಟಿಯನ್ನು ಇಸ್ತ್ರಿಯಿಂದ ಅಂಟಿಸಿಬಿಡಿ. ಕಾಲರಿಗೆ ಬಳಸುವ ಅದೇ ಕ್ಯಾನ್ವಾಸ್, ತೆಳುವಿನದು ಸಾಕು.

ಇಷ್ಟೂ ಆದ ಮೇಲೆ ಒಂದು ಕೆಲಸ ಉಳಿಯುತ್ತದೆ, ಕಚ್ಚಾ ಹೊಲಿಗೆ. ಇದನ್ನು ಬಿಡಬೇಡಿ ಎಂದು ನಿಮ್ಮನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ಗುಂಡುಪಿನ್ನು ಚುಚ್ಚಿ ಹೊಲಿಯುವವರಿದ್ದಾರೆ, ಪಿನ್ನು ಇದ್ದ ಕಡೆ ಬಟ್ಟೆ ಏಳುತ್ತದೆ, ಪಿನ್ನು ತೆಗೆದ ಕಡೆ ಜಾರುತ್ತದೆ. ಸೂಜಿದಾರ ತೆಗೆದುಕೊಂಡು ದೊಡ್ಡ ದೊಡ್ಡ ಹೊಲಿಗೆಯಲ್ಲಿ ಜಿಪ್ಪನ್ನು ಬಟ್ಟೆಗೆ ಕೂರಿಸಿದರೆ ಐದು ನಿಮಿಷದ ಕೆಲಸ. ಬಟ್ಟೆಗಿಂತ ಬೇರೆ ಬಣ್ಣದ ದಾರ ಹಾಕಿದರೆ ಕೊನೆಗೆ ಬಿಚ್ಚಲು ಸುಲಭ. ಕಚ್ಚಾ ಹೊಲಿಗೆ ಹಾಕಿದ ಮೇಲೆ ಜಿಪ್ಪನ್ನು ಒಮ್ಮೆ ಎಳೆದು ಮುಚ್ಚಿ, ತೆರೆದು ನೋಡಿ. ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ಮಿಷನ್ ಹೊಲಿಗೆ ಬಿಚ್ಚುವುದಕ್ಕಿಂತ ಕಚ್ಚಾ ಹೊಲಿಗೆ ಬಿಚ್ಚುವುದು ಎಷ್ಟೋ ವಾಸಿ, ಬಟ್ಟೆಗೆ ತೂತೂ ಬೀಳುವುದಿಲ್ಲ.

ಯೂನಿಫಾರ್ಮ್ ಸ್ಕರ್ಟಿಗೆ ನಾನು ಹೇಳುವುದು ಮುಚ್ಚುಪಟ್ಟಿಯ ಜಿಪ್, ಅಂದರೆ ಒಂದು ಮಗ್ಗುಲ ಬಟ್ಟೆ ಹಲ್ಲುಗಳ ಮೇಲೆ ಹಾದು ಮುಚ್ಚುವ ಬಗೆ. ಒರಟು ಬಳಕೆಗೆ ಇದನ್ನು ಮೀರಿದ್ದಿಲ್ಲ. ಕತ್ತರಿಸುವಾಗಲೇ ಎಡಪಕ್ಕದ ಹೊಲಿಗೆಗೆ ಒಂದಿಂಚು ಮಾರ್ಜಿನ್ ಬಿಡಿ. ಅರ್ಧ ಇಂಚು ಬಿಟ್ಟು ಆಮೇಲೆ ಪರದಾಡಬೇಡಿ. ಸೊಂಟದಿಂದ ಆರೇಳು ಇಂಚು ಬಾಯಿ ಬಿಟ್ಟು, ಅದರ ಕೆಳಗಿನ ಹೊಲಿಗೆಯನ್ನು ಮುಗಿಸಿ, ಶುರುವಿನಲ್ಲಿ ಹಿಂದೆ ಮುಂದೆ ಹೊಲಿದು ಗಟ್ಟಿ ಮಾಡಿ. ಹಿಂಭಾಗದ ಮಾರ್ಜಿನ್ ಮಡಚುವಾಗ ಹೊಲಿಗೆಯ ಗೆರೆಗಿಂತ ಒಂದು ನೂಲಿನಷ್ಟು ಬಟ್ಟೆ ಆಚೆಗೆ ಚಾಚಿಕೊಂಡಿರಲಿ. ಆ ಮಡಿಕೆಯನ್ನು ಜಿಪ್ಪಿನ ಹಲ್ಲಿಗೆ ತಾಗುವಷ್ಟು ಹತ್ತಿರವಿಟ್ಟು ಅಂಚಿನಲ್ಲೇ ಹೊಲಿಯಿರಿ. ಈಗ ಮುಂಭಾಗವನ್ನು ಸರಿಯಾಗಿ ಗೆರೆಯ ಮೇಲೆ ಮಡಚಿ, ಹಲ್ಲುಗಳನ್ನೂ ಆ ಮೊದಲ ಹೊಲಿಗೆಯನ್ನೂ ಮುಚ್ಚುವಂತೆ ಮೇಲೆ ಇಡಿ, ಕಚ್ಚಾ ಹೊಲಿಗೆ ಹಾಕಿ. ಮಡಿಕೆಯಿಂದ ಹತ್ತಿರ ಹತ್ತಿರ ಅರ್ಧ ಇಂಚು ಒಳಗೆ ಚಾಕಿನಲ್ಲಿ ಗೆರೆ ಎಳೆದುಕೊಂಡು, ಬಾಯಿಯ ತಳದಲ್ಲಿ ಅಡ್ಡ ಹೊಲಿದು, ಸೂಜಿ ಬಟ್ಟೆಯಲ್ಲೇ ಇರುವಾಗ ತಿರುಗಿಸಿ, ನೇರ ಮೇಲಕ್ಕೆ ಹೋಗಿ. ಹೊಲಿಗೆ ಇಂಚಿಗೆ ಹತ್ತು ಹನ್ನೆರಡು ಇರಲಿ. ಮೇಲೆ ಬೆಲ್ಟ್ ಪಟ್ಟಿ ಬಂದ ಮೇಲೆ ಒಂದು ಹುಕ್ಕು ಹಾಕಲೇಬೇಕು. ಹುಕ್ಕಿಲ್ಲದ ಸ್ಕರ್ಟಿನಲ್ಲಿ ಎಳೆತವೆಲ್ಲ ರನ್ನರಿನ ಮೇಲೆ ಬಿದ್ದು, ಮೂರು ತಿಂಗಳಿಗೆ ಜಿಪ್ ಸಾಯುತ್ತದೆ. ಬಸ್ಸಿನಲ್ಲಿ ಕಾಣುವ ಪಿನ್ನುಗಳಲ್ಲಿ ಎಷ್ಟೋ ಈ ಒಂದು ಹುಕ್ಕಿಲ್ಲದ್ದರಿಂದ ಬಂದವು.

ಜಿಪ್ ಕೊಳ್ಳುವಾಗ ಬಾಯಿಯ ಅಳತೆಗಿಂತ ಒಂದೂವರೆ ಎರಡಿಂಚು ಉದ್ದದ್ದನ್ನೇ ಕೊಳ್ಳಿ. ಹೊಲಿಯುವಾಗ ರನ್ನರ್ ಮೇಲೆ, ಬಟ್ಟೆಯಿಂದ ಆಚೆ ಇರುತ್ತದೆ, ಫುಟ್ಟಿಗೆ ಅಡ್ಡ ಬರುವುದೇ ಇಲ್ಲ. ಎರಡೂ ಪಕ್ಕ ಹೊಲಿದು, ರನ್ನರನ್ನು ಕೆಳಗಿಳಿಸಿ, ಬೆಲ್ಟ್ ಪಟ್ಟಿಯ ಹೊಲಿಗೆ ಜಿಪ್ಪಿನ ಮೇಲೆ ಹಾದ ನಂತರವೇ ಮೇಲೆ ಉಳಿದದ್ದನ್ನು ಕತ್ತರಿಸಿ. ರನ್ನರ್ ಕೆಳಗಿದೆಯೇ ಎಂದು ಕತ್ತರಿ ಎತ್ತುವ ಮುಂಚೆ ನೋಡಿಕೊಳ್ಳಿ. ತಳದಲ್ಲಿ ಗಿಡ್ಡ ಮಾಡಬೇಕಿದ್ದರೆ ನೈಲಾನ್ ಜಿಪ್ಪಿನ ಹಲ್ಲುಗಳ ಮೇಲೆ ಕೈಸೂಜಿಯಿಂದ ಎಂಟು ಹತ್ತು ಸಲ ಅಡ್ಡ ಸುತ್ತಿ, ಅದರ ಅರ್ಧ ಇಂಚು ಕೆಳಗೆ ಕತ್ತರಿಸಿದರಾಯಿತು.

ಅಳತೆಯ ಜಿಪ್ಪೇ ಸಿಕ್ಕಿ ರನ್ನರ್ ನಡುವೆ ಬಂದರೆ? ಅಲ್ಲೇ ಎಲ್ಲರ ಹೊಲಿಗೆ ಸೊಟ್ಟಗಾಗುವುದು. ರನ್ನರಿಗೆ ಒಂದಿಂಚು ಇದೆ ಎನ್ನುವಾಗ ನಿಲ್ಲಿಸಿ. ಸೂಜಿಯನ್ನು ಬಟ್ಟೆಯೊಳಗೆ ಇಳಿಸಿ ಹಾಗೇ ಬಿಡಿ. ಫುಟ್ ಎತ್ತಿ, ರನ್ನರನ್ನು ಹೊಲಿದು ಮುಗಿದ ಭಾಗಕ್ಕೆ ಜಾರಿಸಿ, ಫುಟ್ ಇಳಿಸಿ ಮುಂದುವರಿಯಿರಿ. ಇದಿಷ್ಟು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ.

ಉಳಿದ ಅರ್ಧ ಭಯ ಹೋಗಬೇಕಾದರೆ ಹಾಫ್ ಫುಟ್ ಬೇಕು. ಒಂದೇ ಕಾಲಿನ ಫುಟ್, ಹೊಲಿಗೆ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ, ಹಳೆಯ ಕಪ್ಪು ಮಿಷನ್ನಿಗೂ ಒಂದು ಸ್ಕ್ರೂ ಬಿಚ್ಚಿ ಹಾಕಬಹುದು. ಸಾದಾ ಫುಟ್ಟಿನ ಒಂದು ಕಾಲು ಹಲ್ಲಿನ ಮೇಲೆ ಹತ್ತಿಕೊಂಡರೆ ಹೊಲಿಗೆ ನೇರ ಬರಲು ಸಾಧ್ಯವೇ ಇಲ್ಲ, ಅದರಲ್ಲಿ ನಿಮ್ಮ ತಪ್ಪಿಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಹೊಲಿಗೆಯೂ ಒಂದು, ಅದರಲ್ಲಿ ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವಿದೆ. ಆ ನೆರವು ಪಡೆದಿರುವ ನಿಮ್ಮಲ್ಲಿ ಯಾರ ಮನೆಗೆ ಹೋದರೂ ಹೊಸ ಮಿಷನ್ ತೋರಿಸುತ್ತೀರಿ. ಅದರ ಪಕ್ಕದಲ್ಲಿ ಒಂದು ಹಾಫ್ ಫುಟ್ ಇರಲಿ ಎಂಬುದು ನನ್ನ ಬೇಡಿಕೆ.

ಫ್ರಾಕಿನ ಬೆನ್ನಿಗೆ ಈಗ ಎಲ್ಲರೂ ಕೇಳುವುದು ಇನ್‌ವಿಸಿಬಲ್ ಜಿಪ್. ಇದರ ಕ್ರಮ ತಲೆಕೆಳಗು. ಉಳಿದವುಗಳಲ್ಲಿ ಕೆಳಗಿನ ಹೊಲಿಗೆ ಮೊದಲು, ಜಿಪ್ ಆಮೇಲೆ. ಇದರಲ್ಲಿ ಜಿಪ್ ಮೊದಲು, ಕೆಳಗಿನ ಹೊಲಿಗೆ ಆಮೇಲೆ. ಜಿಪ್ಪನ್ನು ತೆರೆದು, ಒಳಕ್ಕೆ ಸುರುಳಿಸುತ್ತಿಕೊಂಡಿರುವ ಹಲ್ಲುಗಳನ್ನು ಹದವಾದ ಬಿಸಿಯ ಇಸ್ತ್ರಿಯಿಂದ ಹಿಂಬದಿಯಲ್ಲಿ ನೇರ ಮಾಡಿಕೊಳ್ಳಿ. ಹೆಚ್ಚು ಬಿಸಿಯಾದರೆ ನೈಲಾನ್ ಕರಗುತ್ತದೆ. ಬಟ್ಟೆಯ ಮುಖಕ್ಕೆ ಜಿಪ್ಪಿನ ಮುಖ ತಾಗುವಂತೆ ಇಟ್ಟು, ಹಲ್ಲಿನ ಬುಡಕ್ಕೇ ಸೂಜಿ ಬೀಳುವಂತೆ ಹೊಲಿಯಿರಿ. ಸೊಂಟದ ಅಡ್ಡಹೊಲಿಗೆ ಇದ್ದರೆ, ಮೊದಲ ಪಕ್ಕ ಮುಗಿದ ಮೇಲೆ ಜಿಪ್ ಮುಚ್ಚಿ, ಆ ಹೊಲಿಗೆ ಬರುವ ಜಾಗವನ್ನು ಇನ್ನೊಂದು ಪಟ್ಟಿಯ ಮೇಲೆ ಚಾಕಿನಿಂದ ಗುರುತು ಮಾಡಿ. ಇಲ್ಲವಾದರೆ ಬೆನ್ನಲ್ಲಿ ಸೊಂಟದ ಗೆರೆ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ಕಾಣುತ್ತದೆ. ಜಿಪ್ಪಿನ ತಳಕ್ಕೂ ಕೆಳಹೊಲಿಗೆಗೂ ನಡುವೆ ಸಣ್ಣ ತೂತು ಉಳಿಯದ ಹಾಗೆ, ಕೆಳಹೊಲಿಗೆಯನ್ನು ಜಿಪ್ ಹೊಲಿಗೆ ನಿಂತ ಜಾಗಕ್ಕಿಂತ ಅರ್ಧ ಇಂಚು ಮೇಲಿನಿಂದಲೇ ಶುರುಮಾಡಿ. ಮಕ್ಕಳ ಫ್ರಾಕಿಗೆ ಜಿಪ್ಪಿನ ಒಳಗೆ ಮೆತ್ತನೆಯ ಹತ್ತಿಯ ಒಂದು ಪಟ್ಟಿ ಕೊಡಿ, ಬೆನ್ನಿನ ಚರ್ಮವಾಗಲಿ ಕೂದಲಾಗಲಿ ಸಿಕ್ಕಿಕೊಳ್ಳುವುದಿಲ್ಲ.

ರೇಷ್ಮೆ ಬಟ್ಟೆಗೆ ಮಾತ್ರ ಮಿಷನ್ ಬೇಡ ಎನ್ನುತ್ತೇನೆ. ಗೌರಿ ಹಬ್ಬಕ್ಕೋ ಚುಂಚನಕಟ್ಟೆ ಜಾತ್ರೆಗೋ ಅಜ್ಜಿಯ ಹಳೇ ಸೀರೆಯಲ್ಲಿ ಉದ್ದಲಂಗ ಹೊಲಿಯುತ್ತೀರಲ್ಲ, ಅದಕ್ಕೆ ಜಿಪ್ಪನ್ನು ಕೈಯಲ್ಲೇ ಹಾಕಿ. ಒಂಟಿ ದಾರ, ಸಣ್ಣ ಸೂಜಿ. ಸೂಜಿ ಮೇಲೆ ಬಂದ ಜಾಗದಿಂದ ಎರಡೇ ಎಳೆ ಹಿಂದಕ್ಕೆ ಚುಚ್ಚಿ, ಅಡಿಯಲ್ಲಿ ಕಾಲಿಂಚು ಮುಂದೆ ಬಂದು ಮತ್ತೆ ಮೇಲಕ್ಕೆ. ಹೊರಗಡೆ ಎಳ್ಳಿನಷ್ಟು ಚುಕ್ಕಿಗಳ ಸಾಲು ಮಾತ್ರ ಕಾಣುತ್ತದೆ. ವಿದೇಶದ ದುಬಾರಿ ಉಡುಪುಗಳ ಹೊಲಿಗೆಮನೆಗಳಲ್ಲೂ ನಾಜೂಕು ಬಟ್ಟೆಗೆ ಜಿಪ್ ಕೂರಿಸುವುದು ಈ ರೀತಿಯಲ್ಲೇ. ಅಂಚು ಮಡಚಿ ಹೆಮ್ಮಿಂಗ್ ಮಾಡುವ ನಿಮ್ಮ ಬೆರಳಿಗೆ ಇದು ಕಷ್ಟವಲ್ಲ. ಹೊಗೆಸೊಪ್ಪಿನ ಕಾಲದಲ್ಲಿ ಬ್ಯಾರನ್ ಮುಂದೆ ಕೂತು, ಒಂದೊಂದು ಎಲೆಯೂ ಸಮಕ್ಕೆ ನಿಲ್ಲುವಂತೆ ದಾರದಲ್ಲಿ ಕಡ್ಡಿಗೆ ಕಟ್ಟುವವರು ನೀವು. ಆ ಸಮ, ಆ ಬಿಗಿ ನಿಮ್ಮ ಕೈಯಲ್ಲಿ ಆಗಲೇ ಇದೆ.

ಬಾಣಂತಿಯರ ನೈಟಿಯ ವಿಷಯ ಒಂದು ಮಾತು. ಅಂಗಡಿಯಲ್ಲಿ ತರುವ ನೈಟಿಗಳ ಎದೆಯ ಜಿಪ್ಪು ಬಹಳ ಸಲ ಒಳಪಟ್ಟಿಯಿಲ್ಲದೆ, ಗೀರುವಂಥದ್ದಾಗಿರುತ್ತದೆ. ಹಾಲು ಕುಡಿಯುವ ಕೂಸಿನ ಕೆನ್ನೆಗೆ ಅದೇ ಒರಸುತ್ತದೆ. ಮನೆಯ ಹೆಣ್ಣುಮಗಳು ಬಾಣಂತನಕ್ಕೆ ಬರುವ ಮುಂಚೆ ಎರಡು ನೈಟಿಯನ್ನು ನೀವೇ ಹೊಲಿಯಿರಿ. ಲೋಹದ ಜಿಪ್ ಬೇಡ, ತೆಳುವಾದ ನೈಲಾನಿನದು ಹಾಕಿ, ಎರಡೂ ಬದಿ ಬಟ್ಟೆ ಮುಚ್ಚುವ ಹಾಗೆ ಕೂರಿಸಿ, ಕತ್ತಿನ ಹತ್ತಿರ ರನ್ನರ್ ನಿಂತಾಗ ಅದನ್ನು ಮುಚ್ಚಲು ಒಂದು ಪುಟ್ಟ ಮಡಿಕೆ ಕೊಡಿ.

ಇನ್ನು ರಿಪೇರಿ. ಪಿರಿಯಾಪಟ್ಟಣದ ಕಡೆಯವರಿಗೆ ಇದು ಹೆಚ್ಚು ಬೇಕು. 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಯಲ್ಲಿ ಟಿಬೆಟನ್ನರು ನೆಲೆಸಿದಂದಿನಿಂದ ಅಲ್ಲಿನ ಅಂಗಡಿಗಳ ಜರ್ಕಿನ್ನು, ಸ್ವೆಟರು ನಮ್ಮ ಮನೆಗಳಿಗೂ ಬಂದಿವೆ. ಜಿಪ್ ಹೋಯಿತೆಂದು ಗಟ್ಟಿಮುಟ್ಟಾದ ಜರ್ಕಿನ್ನನ್ನು ದನದ ಕೊಟ್ಟಿಗೆಗೆ ಹಾಕಿದ್ದನ್ನು ನಾನು ಕಂಡಿದ್ದೇನೆ. ಮುಚ್ಚಿದ ಮೇಲೆ ಹಿಂದಿನಿಂದ ಬಿಟ್ಟುಕೊಳ್ಳುತ್ತದೆ ಎಂದರೆ ಹಲ್ಲುಗಳು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ, ರನ್ನರಿನ ಬಾಯಿ ಸವೆದು ಅಗಲವಾಗಿರುತ್ತದೆ. ಸಣ್ಣ ಇಕ್ಕಳದಿಂದ ಅದರ ಎರಡೂ ಪಕ್ಕವನ್ನು ಮೆಲ್ಲಗೆ, ಸಮವಾಗಿ ಒತ್ತಿ. ಆಗಲೂ ಹಿಡಿಯದಿದ್ದರೆ ರನ್ನರ್ ಒಂದನ್ನೇ ಬದಲಿಸಬಹುದು. ಬಹಳಷ್ಟು ರನ್ನರುಗಳ ಬೆನ್ನಿನಲ್ಲಿ 3, 5 ಎಂದು ಅಂಕಿ ಇರುತ್ತದೆ. ಅದೇ ಅಳತೆ, ಅದೇ ಬಗೆಯ ಜಿಪ್ಪಿನದು ಬೇಕು. ಬಿಗಿಯಾಗಿ ಎಳೆಯುವ ಜಿಪ್ಪಿಗೆ ಮೇಣದಬತ್ತಿ ತಿಕ್ಕಿದರೆ ಸಾಕು. ಜರ್ಕಿನ್ನಿನ ತಳದಲ್ಲಿ ಎರಡು ಭಾಗ ಸೇರುವ ಚೌಕದ ಗೂಡು ಮುರಿದಿದ್ದರೆ ಮಾತ್ರ ಇಡೀ ಜಿಪ್ಪನ್ನೇ ಬದಲಿಸಬೇಕು.

ಹೊಲಿಗೆ ಕಲಿಸುವ ತಾಯಂದಿರೇ, ತರಬೇತಿ ಕೇಂದ್ರಗಳಲ್ಲಿ, ಸ್ವಸಹಾಯ ಸಂಘಗಳಲ್ಲಿ, ನಿಮ್ಮ ನಿಮ್ಮ ಪಡಸಾಲೆಯಲ್ಲಿ ಕಲಿಸುತ್ತಿರುವವರೇ, ನಿಮಗೆ ಬೇರೆಯಾಗಿ ಹೇಳಬೇಕು. ತಿಂಗಳ ತರಬೇತಿಯಲ್ಲಿ ಜಿಪ್ ಕೊನೆಯ ವಾರಕ್ಕೆ ಬರುತ್ತದೆ, ಅಷ್ಟರಲ್ಲಿ ಬ್ಲೌಸ್ ಮುಗಿಯದೆ ಜಿಪ್ಪನ್ನು ಬೋರ್ಡಿನ ಮೇಲೆ ತೋರಿಸಿ ಬಿಡುವುದುಂಟು. ದಯವಿಟ್ಟು ಅದನ್ನು ಎರಡನೆಯ ವಾರಕ್ಕೆ ತನ್ನಿ. ಉಡುಪಿಗೆ ಹಾಕಿಸಬೇಡಿ. ಎರಡು ತುಂಡು ಬಟ್ಟೆ, ಹಳೆಯ ಬ್ಯಾಗಿನಿಂದ ಬಿಚ್ಚಿದ ಒಂದು ಜಿಪ್, ಅದೇ ಜಿಪ್ಪನ್ನು ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು. ಹಾಳಾದರೂ ಯಾರದ್ದೂ ಏನೂ ಹೋಗುವುದಿಲ್ಲ ಎಂದು ಗೊತ್ತಿದ್ದಾಗ ಹೆಣ್ಣುಮಕ್ಕಳು ಬೇಗ ಕಲಿಯುತ್ತಾರೆ. ಮೊದಲ ಜಿಪ್ಪನ್ನೇ ಬೇರೊಬ್ಬರ ಹೊಸ ಬಟ್ಟೆಗೆ ಹಾಕಿಸುವುದರಿಂದಲೇ ಈ ಭಯ ನಮ್ಮೂರುಗಳಲ್ಲಿ ಬೇರು ಬಿಟ್ಟಿದೆ ಎಂದು ನಾನು ನಂಬಿದ್ದೇನೆ.

ಕೊನೆಯದಾಗಿ ಎಲ್ಲರಲ್ಲೂ ನನ್ನ ವಿನಂತಿ. ಜೂನ್ ತಿಂಗಳಲ್ಲಿ ಕಲಿಯಲು ಕೂರಬೇಡಿ, ಆಗ ಹೊಲದ ಕೆಲಸವೂ ಯೂನಿಫಾರ್ಮಿನ ಗಡಿಬಿಡಿಯೂ ಒಟ್ಟಿಗೆ ಬರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ, ಶಾಲೆಗೆ ರಜೆ ಇರುವಾಗ, ಸಂಘದ ಒಂದು ಸಭೆಯನ್ನು ಇದಕ್ಕೇ ಇಟ್ಟುಕೊಳ್ಳಿ. ಬಲ್ಲವರು ಒಬ್ಬರು ಸಿಕ್ಕರೂ ಸಾಕು, ಅವರ ಸುತ್ತ ಕೂರಿ. ಹಾಫ್ ಫುಟ್ ಎಲ್ಲರಿಗೂ ಕೊಳ್ಳಲಾಗದಿದ್ದರೆ ಸಂಘಕ್ಕೊಂದು ತಂದು, ಬೇಕಾದವರು ಒಯ್ದು ತಂದುಕೊಡಿ. ಒಳ್ಳೆಯ ಕೆಲಸ ಮಾಡಿದ ಮೇಲೆ ತಕ್ಕ ಕೂಲಿ ಕೇಳಲು ಸಂಕೋಚಪಡಬೇಡಿ, ಪೇಟೆಯವರು ಸಂಕೋಚಪಡುವುದಿಲ್ಲ. ಆದರೆ ಹಾಸ್ಟೆಲಿನ ಮಗುವೊಂದು ಪಿನ್ನು ಚುಚ್ಚಿದ ಸ್ಕರ್ಟ್ ಹಿಡಿದು ಬಾಗಿಲಿಗೆ ಬಂದರೆ ಕೂಲಿ ಕೇಳಬೇಡಿ, ನಿಲ್ಲಿಸಿಕೊಂಡು ಹಾಕಿ ಕಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಹುಣಸೂರಿನಲ್ಲಿ ಮನೆಹೊಲಿಗೆ ಮಾಡುವ ನಿಮ್ಮೊಬ್ಬ ಸಹೋದರಿ